ಮಹಜರು

ವಿರಾಜಪೇಟೆ ಠಾಣೆಯಲ್ಲಿ ಇಪ್ಪತ್ತಾರು ವರ್ಷ ನಾನು ರೈಟರು.
ಸುತ್ತಲಿನ ಕೋವಿಗಳೆಲ್ಲ ನನ್ನ ಕೈಬರಹದಲ್ಲಿ ಮಲಗಿದ್ದವು:
ನಳಿಕೆಯ ನಂಬರು, ಹಿಡಿಯ ಮರ, ಬಿರುಕಿದ್ದರೆ ಬಿರುಕು.
ಚುನಾವಣೆಗೆ ಠೇವಣಿ ಇಡಿ ಎಂದರೆ
ಗೋಣಿತಾಟಿನಲ್ಲಿ ಸುತ್ತಿ ತರುತ್ತಿದ್ದರು,
ಕೂಸನ್ನು ಆಸ್ಪತ್ರೆಯಲ್ಲಿ ಬಿಟ್ಟುಹೋಗುವವರ ಹಾಗೆ.
ರಸೀದಿ ಕೊಡುತ್ತಿದ್ದೆ.
‘ತೇವದ ಗೋಡೆಗೆ ಒರಗಿಸಬೇಡಿ ರೈಟ್ರೇ’ ಅನ್ನುವಳು ಚೋಂದವ್ವ,
ಬಾಗಿಲವರೆಗೆ ಹೋಗಿ ಮತ್ತೆ ತಿರುಗಿ ನೋಡುವಳು.

ಈ ನಾಡಿನಲ್ಲಿ ಕೋವಿ ಅಡಗುವುದಿಲ್ಲ.
ಗಂಡು ಹುಟ್ಟಿದರೆ ಅಂಗಳದಲ್ಲಿ ಒಂದು ಗುಂಡು,
ಸಾವಾದರೆ ಎರಡು. ಆಚೆ ಬೆಟ್ಟದವರು ಎಣಿಸಿ
ಬಿಳಿಬಟ್ಟೆ ಉಟ್ಟು ಹೊರಡುತ್ತಾರೆ.
ಕೈಲ್ ಮುಹೂರ್ತಕ್ಕೆ ದೀಪದ ಮುಂದೆ ನಿಲ್ಲಿಸಿ
ಮೂತಿಗೆ ತೋಕ್‌ಪೂ ಸಿಕ್ಕಿಸುತ್ತಾರೆ,
ನೆಂಟರೆಲ್ಲ ಬಂದು ನೋಡಲಿ ಎಂದೇ.

ಆ ವರ್ಷ, ಹೂಮಳೆಗಾಗಿ ಕಾಫಿ ಗಿಡಗಳು ಕಾಯುತ್ತಿದ್ದಾಗ
ಬಸ್‌ಸ್ಟ್ಯಾಂಡಿನ ಕ್ಯಾಂಟೀನಿನ ಟೀವಿಯಲ್ಲಿ ಯುದ್ಧ ಬಂತು.
ಆಕಾಶದಿಂದ ತೆಗೆದ ಬೂದು ಚಿತ್ರ,
ಅದರ ಮೇಲೊಂದು ಬಾಣದ ಗುರುತು:
ಇಲ್ಲಿದೆ, ಮರಳಿನ ಕೆಳಗಿದೆ, ಲಾರಿಗಳಲ್ಲಿ ಓಡಾಡುತ್ತಿದೆ.
‘ಅದು ಕೋಳಿ ಫಾರಂ’ ಅಂದರು ಸುಬೇದಾರ್ ಬೆಳ್ಯಪ್ಪ,
‘ಮೇಲಿಂದ ನೋಡಿದರೆ ನನ್ನ ಭಾವಂದೂ ಹೀಗೇ ಕಾಣುತ್ತೆ.’
ಮೀನಿನ ಹಂಸ ಬುಟ್ಟಿ ಇಳಿಸದೆ ಹೇಳಿದ:
‘ನಿಜಕ್ಕೂ ಇದ್ದಿದ್ದರೆ ಇವರು ಹೋಗ್ತಿದ್ದರಾ?
ಕಚ್ಚುವ ನಾಯಿ ಇರುವ ಮನೆಯ ಗೇಟು
ನಾನೇ ತೆಗೆಯಲ್ಲ.’
ಎಲ್ಲರೂ ನಕ್ಕರು. ಸುಬೇದಾರರು ನನ್ನ ಕಡೆ ತಿರುಗಿದರು:
‘ರೈಟ್ರೇ, ನೀವು ಹೇಳಿ. ನಂಬರಿಲ್ಲದ ಕೋವಿಗೆ ರಸೀದಿ ಕೊಡ್ತೀರಾ?’

ನಾನು ಚಮಚ ಹಾಕಿ ಕಾಫಿ ಕದಡಿದೆ.
ಸಕ್ಕರೆ ಬಿಟ್ಟು ಎರಡು ವರ್ಷವಾಗಿತ್ತು.

ಎಂಬತ್ತೊಂಬತ್ತರ ಜೂನ್. ಬಾಳೆಲೆಯ ಕಡೆ ಒಂದು ಲೈನ್‌ಮನೆ.
ಚಾತ ಕೂಲಿ ಬಾಕಿ ಕೇಳಿದ್ದ,
ಹನ್ನೊಂದು ಜನರ ಪರವಾಗಿ, ಸ್ವಲ್ಪ ಗಟ್ಟಿಯಾಗಿ.
ಮೂರನೆಯ ದಿನ ಹೋದೆವು. ಜೀಪಿನಲ್ಲಿ ಐದು ಜನ,
ಸೀಟಿನ ಕೆಳಗೆ ಮಾಲ್‌ಖಾನೆಯ ಒಂದು ಒಂಟಿನಳಿಕೆ,
ವಾರಸುದಾರರಿಲ್ಲದ್ದು.
ಶಾಯಿ ಹರಡದಂತೆ ಕಾಗದವನ್ನು ಎದೆಗವಚಿಕೊಂಡು ಬರೆದೆ:
*ಪಂಚರ ಸಮಕ್ಷಮ ಸದರಿ ಆಸಾಮಿಯ ಒಲೆಯ ಹಿಂದೆ
ಅಡಗಿಸಿಟ್ಟಿದ್ದ, ಪರವಾನಗಿ ಇಲ್ಲದ ಕೋವಿ ಒಂದು.*
ಪಂಚರಿಬ್ಬರೂ ತೋಟದ ರೈಟರ ಕಡೆಯವರು.
ಒಲೆಯ ಹಿಂದೆ ಇದ್ದದ್ದು ಹೊಗೆ ಕುಡಿದ ಬುಟ್ಟಿ,
ಅದರಲ್ಲಿ ನಾಲ್ಕು ಕಾಡುಗೆಣಸು, ಒಂದಕ್ಕೆ ಮೊಳಕೆ.
ಅದನ್ನು ಬರೆಯಲಿಲ್ಲ.
ಚಾತನ ಹೆಂಡತಿ ಕೇಳಿದಳು, ಜೋರಾಗಿಯೂ ಅಲ್ಲ,
‘ಇದು ಇಲ್ಲಿಗೆ ಯಾವಾಗ ಬಂತು?’
ನಮೂನೆಯಲ್ಲಿ ಅದಕ್ಕೆ ಕಾಲಂ ಇರಲಿಲ್ಲ.

ಆದ್ದರಿಂದ ಟೀವಿಯಲ್ಲಿ ಬಾಣದ ಗುರುತು ಕಂಡಾಗ
ಉಳಿದವರಿಗೆ ಅನುಮಾನ ಬಂತು. ನನಗೆ ನೆನಪು ಬಂತು.
ಮೊದಲು ವಾಕ್ಯ, ಆಮೇಲೆ ವಸ್ತು:
ಇಷ್ಟೇ ನಮ್ಮ ಕಸುಬು.

ಕಾಫಿ ಹೂ ಕಾಯಾಯಿತು. ಕೈಲ್ ಮುಹೂರ್ತ ಬಂತು.
ಸುಬೇದಾರರು ಜಗಲಿಯಲ್ಲಿ ನಳಿಕೆ ಒರೆಸುತ್ತ ಕೇಳಿದರು,
‘ಸಿಕ್ಕಿತಂತಾ?’
‘ಇಲ್ಲವಂತೆ. ಇನ್ನೂ ಅಗೆಯುತ್ತಿದ್ದಾರೆ.’
ಅವರು ಬಟ್ಟೆ ಮಡಚಿದರು.
ಒಂದು ದೇಶದೊಳಗೆ ನುಗ್ಗಿದವರು
ಸೀಟಿನ ಕೆಳಗೆ ಏನನ್ನೂ ಒಯ್ಯಲು ಮರೆತಿದ್ದರು.
ಅಥವಾ ಅದರ ಅಗತ್ಯವೇ ಬೀಳಲಿಲ್ಲ.

‘ರೈಟ್ರೇ, ಅವತ್ತು ನೀವು ಉತ್ತರ ಹೇಳಲೇ ಇಲ್ಲ.’

ಆ ಒಂಟಿನಳಿಕೆಗೂ ನಂಬರಿತ್ತು ಸುಬೇದಾರರೇ.
ನಾಲ್ಕು ಸಾವಿರದ ನಾನೂರ ಹದಿನೇಳು.
ಅರ ಹಿಡಿದು ಉಜ್ಜಿದವನು ನಾನು.
ಸಣ್ಣಗೆ ಕಬ್ಬಿಣದ ಪುಡಿ ಉದುರಿತು,
ರಿಜಿಸ್ಟರಿನ ಮೇಲೆ. ಊದಿದೆ.