ಮೂವತ್ತರ ಕಲ್ಲು

ರೀಗಾದಲ್ಲಿ ಮೇ ತಿಂಗಳಿಗೂ ಗಾಳಿಗೆ ಹಲ್ಲಿದೆ.
ಎದೆಯ ಚೀಟಿಯಲ್ಲಿ ಬೊಂತುವಿನ ಹೆಸರಿಲ್ಲ,
‘ಪೇಸ್’ ಅಂತಷ್ಟೇ.
ಗಾಳಿಗೆ ಎದೆಯೊಡ್ಡುವ ಕೂಲಿ ಇವಳದು,
ಗೆಲುವು ಹಿಂದೆ ಬರುವವರದು.

ಕಿಲೋಮೀಟರಿಗೆ ಮೂರು ನಿಮಿಷ, ಇಪ್ಪತ್ತು ಸೆಕೆಂಡು.
ಹೆಚ್ಚಿಲ್ಲ, ಕಮ್ಮಿಯಿಲ್ಲ,
ಅಳತೆ ತಪ್ಪದ ಹಾಲಿನವಳ ಪಾವಿನ ಹಾಗೆ.
ಸೇತುವೆ ದಾಟುವಾಗ ದೌಗವಾ ನದಿ ನೋಡಲಿಲ್ಲ,
ಕೈಗಡಿಯಾರ ನೋಡಿದಳು.
ಬೆನ್ನ ಹಿಂದೆ ಆರು ಉಸಿರು;
ಅದರಲ್ಲೊಂದು ಅಸೆಲ್ಲಾದ ಏರು ಹತ್ತಿ ಬೆಳೆದದ್ದು,
ಕೇಳಿದರೆ ತಿಳಿಯುತ್ತದೆ.

ಮೂವತ್ತು.
ಬಲಕ್ಕೆ ಸರಿದು ನಿಂತಳು. ತೊಡೆ ಮಾತ್ರ
ನಿಂತಲ್ಲೇ ಇನ್ನೂ ಓಡುತ್ತಿತ್ತು.
ಯಾರೂ ತಿರುಗಿ ನೋಡಲಿಲ್ಲ. ನೋಡಲೂಬಾರದು.

ಕಂಬಳಿ ಹೊದಿಸಿದ ಮುದುಕಿ ವೆಲ್ಗಾ
ತನ್ನ ಭಾಷೆಯಲ್ಲೇ ಏನೋ ಗದರಿ, ಗಲ್ಲ ಸವರಿ,
ಬಿಸಿ ಚಹಾ ಕೈಗಿಟ್ಟಳು. ಸೋತುಬಂದವಳೆಂದು
ಬಗೆದಳೇನೋ, ಪಾಪ.
ಸೋತಿಲ್ಲಮ್ಮ, ನನ್ನ ಪಾಲು ಮುಗೀತು
ಅನ್ನಲು ಮಾತು ಬಾರದು. ಕುಡಿದಳು.
ಹತ್ತು ಹೆಜ್ಜೆ ಆಚೆ ಬಸ್ಸು ಹಾರ್ನ್ ಹೊಡೆಯಿತು.

ಪಾಸ್‌ಪೋರ್ಟಿಗೆ ಏಳು ದೇಶ ಗೊತ್ತು,
ಕಾಲಿಗೆ ಒಂದೂರಿನ ಕೊನೆಗೆರೆಯೂ ಗೊತ್ತಿಲ್ಲ.
ಕಿಟಕಿಯಲ್ಲಿ ಈಗ ನದಿ, ನಿಧಾನ, ಬೂದಿಬಣ್ಣ.
ಆಮೇಲೆ ನೋಡುತ್ತಾಳೆ:
ಮುದುಕಿಯ ಲೋಟ ಕೈಯಲ್ಲೇ ಇದೆ,
ತಳದಲ್ಲಿ ಒಂದು ಗುಟುಕು,
ಇನ್ನೂ ಬೆಚ್ಚಗೆ.