ಓರೆಯನ್ನು ಒರೆಗೆ ಹಚ್ಚಿದ್ದು

“ಖಾಂಬೊ ಖಂಯ್, ಬಾಯೇ?”
ನಕ್ಷೆ ಬಿಚ್ಚಿ ನಾಲ್ಕು ತುದಿಗೆ ನಾಲ್ಕು ಚಹಾ ಲೋಟ ಇಟ್ಟ ಕೂಡಲೇ
ಕೊಳಂಬಕರರು ಕೇಳಿದ್ದು ಇದೊಂದೇ. ಕಂಬ ಎಲ್ಲಿ?
ಕೋಡಿಬಾಗದ ಮರಳ ಮೇಲೆ ಮೂವತ್ತೊಂದು ಮಹಡಿ,
ಮೂಲೆ ನಾಲ್ಕು, ಮೂಲೆಗಂಬ ಸೊನ್ನೆ.
ಹೊರಮೈ ತುಂಬ ಓರೆಗೆರೆ, ಎಡಕ್ಕೊಂದು ಬಲಕ್ಕೊಂದು,
ಲೆಕ್ಕ ತಪ್ಪಿದ ಹುಡುಗ ಪುಟಕ್ಕೆ ಪುಟವೇ ಗೀಚಿ ಹೊಡೆದ ಹಾಗೆ.

ಹೊರಗಿನ ತೊಗಟೆಯೇ ಹೊರುತ್ತದೆ, ಅಂದೆ.
ಭಾರ ನೆಟ್ಟಗಿಳಿಯುವುದಿಲ್ಲ; ಓರೆಯಲ್ಲಿ ಜಾರಿ
ಗಂಟಿನಲ್ಲಿ ಪಾಲಾಗಿ, ಮತ್ತೆ ಜಾರಿ, ಮತ್ತೆ ಪಾಲಾಗಿ
ನೆಲ ಮುಟ್ಟುತ್ತದೆ. ಗಾಳಿಗೂ ಅದೇ ದಾರಿ.
ಅವರು ತಲೆಯಾಡಿಸಲಿಲ್ಲ.
ತಪ್ಪು ಅವರದಲ್ಲ. ನೆಟ್ಟಗೆ ನಿಲ್ಲು, ನೆಟ್ಟಗೆ ಮಾತಾಡು,
ಓರೆಕೋರೆ ಅಂದರೆ ಅರ್ಧ ಬೈಗುಳ.
ನಮ್ಮ ಭಾಷೆಯೇ ಮೊದಲಿನಿಂದ
ಕಂಬದ ಕಡೆಯ ಸಾಕ್ಷಿ.

ಬೈತಖೋಲಕ್ಕೆ ಕರೆದೊಯ್ದೆ. ಒಣಗಲು ಹರವಿದ ಬಲೆ ತೋರಿಸಿ
ನೋಡಿ, ಕಣ್ಣು ಕಣ್ಣೂ ಓರೆ, ಅಂತ ಶುರುಮಾಡಿದ್ದೆ.
ಹರಿದಲ್ಲಿ ಹೆಣೆಯುತ್ತಿದ್ದ ಶೇವಂತಿ ಹರಿಕಂತ್ರ
ಹಲ್ಲಲ್ಲಿ ಕಚ್ಚಿದ ದಾರ ಬಿಡದೆಯೇ ನಕ್ಕಳು:
“ಎಳೆದರೆ ಬಲೆ. ಬಿಟ್ಟರೆ ಮುದ್ದೆ.
ನಿಂತ ಬಲೆ ಕಂಡಿದ್ದೀರಾ ಅಮ್ಮ, ಎಲ್ಲಾದರೂ?”
ನಿಜ. ಬಲೆಗೆ ಎಳೆತ ಗೊತ್ತು, ಒತ್ತು ಗೊತ್ತಿಲ್ಲ.
ಎಷ್ಟೋ ಸಭೆಗಳಲ್ಲಿ ಚಪ್ಪಾಳೆ ಗಿಟ್ಟಿಸಿದ್ದ ಹೋಲಿಕೆ
ದಂಡೆಯಲ್ಲೇ ಮುಳುಗಿತು.

ಕಡೆಗೆ ಅಂಕೋಲೆ ಕಡೆಯ ಹಮ್ಮು ಗೌಡ ಬಂದ,
ಹೊಳೆಗೆ ಕೂಳಿ ಹೆಣೆಯುವವ. ಎರಡು ಬಿದಿರಗೂಡು ಮಾಡಿಕೊಡು ಅಂದೆ,
ಎದೆಯೆತ್ತರ; ಒಂದಕ್ಕೆ ನೆಟ್ಟಗಿನ ಕಡ್ಡಿ, ಒಂದಕ್ಕೆ ಓರೆ;
ಬಳೆ ಎರಡಕ್ಕೂ ಅಷ್ಟೇ, ಬಿದಿರಿನ ತೂಕವೂ ಅಷ್ಟೇ.
ತಲೆಯ ಮೇಲೆ ಸಾಣಿಕಟ್ಟೆ ಉಪ್ಪಿನ ಚೀಲ.
ಪಕ್ಕದಿಂದ ಹಗ್ಗ ಕಟ್ಟಿ ಎಳೆದೆವು, ಅದು ಗಾಳಿ.
ನೆಟ್ಟಗಿನದು, ತಡರಾತ್ರಿ ಮನೆಗೆ ಹೊರಟವರಂತೆ, ವಾಲಿತು.
ಓರೆಯದು ಕಿರುಗುಟ್ಟಿತು, ನಿಂತಿತು:
ಹಗ್ಗದ ಕಡೆಯವು ಒತ್ತಿಕೊಂಡವು, ಆಚೆಯವು ಬಿಗಿದವು.
“ಅಡ್ಡಿಲ್ಲ” ಅಂದ ಹಮ್ಮು, ತನ್ನದೇ ಗೂಡಿಗೆ.

ಅವನ ಓರೆ ಅಳೆದೆ: ಅರವತ್ತೆರಡು ಡಿಗ್ರಿ.
ಮೂರು ರಾತ್ರಿ ಕಂಪ್ಯೂಟರ್ ಕಾಯಿಸಿ ನನಗೆ ಸಿಕ್ಕದ್ದು ಅರವತ್ತೆಂಟು.
ಕಡ್ಡಿ ಮಲಗಿದರೆ ಭಾರ ಮುನಿಯುತ್ತದೆ,
ಎದ್ದರೆ ಗಾಳಿ; ನಡುವೆ ಎಲ್ಲೋ ರಾಜಿ.
“ಹೊಳಿ ಎತ್ತರ ಇರೂದಿಲ್ಲ, ಸೆಳವು ಇರ್ತದೆ” ಅಂದ.
ಆರು ಡಿಗ್ರಿಯ ಅಂತರಕ್ಕೆ ಇದಕ್ಕಿಂತ ಚೆಂದದ ಟಿಪ್ಪಣಿ
ನನ್ನ ವರದಿಯಲ್ಲಿಲ್ಲ.

ಆಮೇಲೆ, ಯಾರೂ ಕೇಳದೆ, ಕತ್ತಿ ತೆಗೆದು
ಒಂದು ಕಡ್ಡಿ ಕೊಯ್ದೇ ಬಿಟ್ಟ. ಟಪ್ಪೆಂದಿತು.
ಚೀಲ ಬೆರಳಗಲ ಕುಸಿದು ಅಲ್ಲೇ ಕೂತಿತು;
ಭಾರ ಪಕ್ಕದ ಮನೆಯ ಅಂಗಳದಲ್ಲಿ ದಾರಿ ಕೇಳಿಕೊಂಡು ಇಳಿಯಿತು.
ಕೊಳಂಬಕರರ ಹುಬ್ಬು ಮೊದಲ ಸಲ ಸಡಿಲಾಯಿತು.
“ಇನ್ನು ಇದು” ಅಂತ ಬುಡದಲ್ಲಿ
ಆರು ತುದಿ ಕೂಡಿದ ಗಂಟಿಗೆ ಕೈಹಾಕಿದ.
ಬೇಡ ಅನ್ನುವಷ್ಟರಲ್ಲಿ ಗೂಡು ಮಂಡಿಯೂರಿ
ಉಪ್ಪು ಅಷ್ಟೂ ಕೊಳಂಬಕರರ ಬೂಟಿನ ಮೇಲೆ.

ಅವರು ಬೂಟು ಕೊಡವಲಿಲ್ಲ. ಗಂಟಿದ್ದ ಜಾಗ ನೋಡುತ್ತ
“ಇಂಥವು ಎಷ್ಟು?” ಅಂದರು.
ಇನ್ನೂರ ಎಂಬತ್ತು.
“ಬೆಸೆಯುವವ ಯಾರು?”
ಅದನ್ನು ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಎಲ್ಲ ಹೋದ ಮೇಲೆ ಉಪ್ಪು ಗುಡಿಸಿದೆ. ಒದ್ದೆ ಉಪ್ಪು,
ಪೊರಕೆಗೂ ಅಂಟಿತು, ಬೆರಳಿಗೂ.
ಉಪ್ಪುಂಡ ಮನೆ ಅನ್ನುತ್ತೇವೆ. ಈ ದಂಡೆಯಲ್ಲಿ
ಉಪ್ಪೇ ಮನೆ ಉಣ್ಣುತ್ತದೆ,
ಗಾಳಿಯಲ್ಲಿ ಬಂದು, ಬೆಸುಗೆಯ ಒಳಸಂದಿಗೆ ನಾಲಿಗೆ ಚಾಚಿ,
ಅವಸರವಿಲ್ಲದೆ.
ಗಾಳಿ, ಭಾರ, ಭೂಕಂಪ ಎಂದಿದ್ದ ಕೋಷ್ಟಕದ ಕೆಳಗೆ
ಪೆನ್ಸಿಲಿನಲ್ಲಿ ಇನ್ನೊಂದು ಸಾಲು ಎಳೆದೆ:
ಬಣ್ಣದ ದಪ್ಪ, ಗಂಟು ಗಂಟಿಗೂ.
ಒಂದನೇ ಗಂಟಿನ ಎದುರು ಹಮ್ಮು ಅಂತ ಬರೆದು,
ಅಳಿಸಿ,
ಮೈಕ್ರಾನು ಬರೆದೆ.