ಎಡಮಗ್ಗುಲು

ಎಡಕ್ಕೆ ಮಲಗಿ, ಅಂದರು ಡಾಕ್ಟರ್ ಪರ್ವೀನ್,
ಕಾರ್ಡಿನ ಮೇಲೆ ಇಪ್ಪತ್ತೊಂಬತ್ತು ವಾರ ಎಂದು ಬರೆಯುತ್ತ,
ತಲೆಯೆತ್ತದೆ.
ಎಡಕ್ಕೆ ನಮ್ಮ ಮನೆಯಲ್ಲಿ ಗೋಡೆಯಿದೆ.
ಹೇಳಲಿಲ್ಲ. ನನ್ನ ಹಿಂದೆ
ಇನ್ನೂ ನಲವತ್ತು ಹೊಟ್ಟೆಗಳು ಸಾಲಿನಲ್ಲಿದ್ದವು.

ಭಾಂಡುಪಿನ ಚಾಳು, ಹತ್ತು ಹನ್ನೆರಡಡಿ ಖೋಲಿ.
ಗೋಡೆಯಾಚೆ ಸಾವಂತರ ಮಿಕ್ಸರು ಐದಕ್ಕೇ ಎದ್ದು
ನನ್ನ ಮೂಗಿನ ತುದಿಯಲ್ಲಿ ಕೊಬ್ಬರಿ ರುಬ್ಬುತ್ತದೆ.
ಎರಡು ತಿಂಗಳಲ್ಲಿ ಸುಣ್ಣದ ಹೊಪ್ಪಳಿಕೆಗಳೆಲ್ಲ ಬಾಯಿಪಾಠ:
ಒಂದು ಹುಂಜ, ಒಂಟಿ ಚಪ್ಪಲಿ,
ಯಾರದೋ ಮೊಂಡು ಮೂಗು.

ಬಲಕ್ಕೆ ಮಡಿವಾಳಪ್ಪ. ರಾತ್ರಿ ಒಂದಕ್ಕೆ ಹೋಟೆಲು ಮುಚ್ಚಿ
ಈರುಳ್ಳಿ ವಾಸನೆಯ ಅಂಗೈ ಹೊತ್ತು ಬಂದವನಿಗೆ
ಸಿಗುವುದು ನನ್ನ ಬೆನ್ನು.
"ಬೆನ್ನಿನ ಜೋಡಿನೂ ಮಾತಾಡ್ತೀನಿ ಬಿಡ," ಅನ್ನುತ್ತಾನೆ,
ಎರಡನೆಯ ಮಾತಿಗೆ ಗೊರಕೆ.

ಕಾಲಿದ್ದಲ್ಲಿ ತಲೆಯಿಟ್ಟರೆ ಹೇಗೆ, ಅಂದೆ.
ಅಡುಗೆಕಟ್ಟೆಯ ಕೆಳಗಿಂದ ಅತ್ತೆ ನೀಲವ್ವ ಎದ್ದು ಕೂತಳು:
"ಉತ್ತರಕ್ಕ ತಲಿ ಹಾಕ್ತಿ? ಬಸುರಿ ಹೆಣಮಗಳು?"
ದಿಕ್ಕಿನ ವಿಚಾರ ಅಲ್ಲಿಗೆ ಮುಗಿಯಿತು.

ದಾದರಿನ ಅಂಗಡಿಯಲ್ಲಿ ಸೇಲ್ಸ್‌ಮನ್ ಹುಡುಗ,
ಮೀಸೆ ಬರಲೋ ಬೇಡವೋ ಎನ್ನುವ ವಯಸ್ಸು,
ಬಸಿರಿನ ಬಗ್ಗೆ ನನಗೇ ಪಾಠ ಹೇಳಿದ:
ಇದು ಯು, ಇದು ಸಿ, ಇದು ಜೆ,
ಜೆಗೆ ಈ ವಾರ ರಿಯಾಯಿತಿ.
ಯು ನನಗಿಂತ ಉದ್ದ. ಅದು ಒಳಗೆ ಬಂದರೆ
ಮಡಿವಾಳಪ್ಪ ಹೊರಗೆ, ಚಪ್ಪಲಿಗಳ ಜೊತೆ.
ಬೆಲೆ ಕೇಳಿದೆ. ಒಂದು ನಿಮಿಷ ಕೆನ್ನೆಯಿಟ್ಟೆ.
ಕೂದಲು ಬಿದ್ದಿದೆಯೇ ನೋಡಿ, ಒರೆಸಿ, ಬಂದೆ.

ಮರುದಿನ ಶಾಲೆ. ಮೂರನೆಯ ಮಹಡಿ, ಕನ್ನಡ ಮಾಧ್ಯಮ,
ಒಂದನೆಯ ತರಗತಿ, ಹಾಜರಿ ಒಂಬತ್ತು.
ಬೋರ್ಡಿನ ಮೇಲೆ ರ ಬರೆದು ನಡುವೆ ಚುಕ್ಕೆ ಇಟ್ಟೆ.
"ಟೀಚರ್, ಠ ಯಾಕ ಚುಕ್ಕಿ ನುಂಗೇತಿ?"
ಕೇಳಿದವಳು ಗಂಗೂತಾಯಿ, ಬೋರ್ಡು ಬಿಟ್ಟು
ನನ್ನ ಸೆರಗನ್ನೇ ನೋಡುತ್ತ.
ಡಸ್ಟರ್ ಹುಡುಕುವ ನೆಪ ಮಾಡಿದೆ.
ಇಂಗ್ಲಿಷಿನ ಯಾವ ಅಕ್ಷರದ ಹೊಟ್ಟೆಯಲ್ಲೂ ಚುಕ್ಕೆಯಿಲ್ಲ.
ಠ ಆಕಾರದ ದಿಂಬು ದಾದರಿನಲ್ಲಿ ಸಿಗುವುದಿಲ್ಲ.

ಭಾನುವಾರ ಓಣಿಯಲ್ಲಿ ಟಂಯ್ ಟಂಯ್,
ಪಿಂಜಾರನ ಬಿಲ್ಲು. ಮರಾಠಿಯಲ್ಲಿ ಕೂಗಿದೆ.
ಹತ್ತಿ ಮೆತ್ತಿದ ಹುಬ್ಬೆತ್ತಿ,
"ಬಿಜಾಪುರದ ಕಡ್ಯಾವ್ರೇನವಾ?" ಅಂದ
ತಿಕೋಟಾದ ರಾಜೇಸಾಬ ನದಾಫ.
ದಿಂಬು ಬೇಕಿತ್ತು, ಅಂದೆ.
"ತಲಿಗೋ, ಹೊಟ್ಟಿಗೋ?"
ಏಳು ತಿಂಗಳಲ್ಲಿ ಇಷ್ಟು ನೇರ ಪ್ರಶ್ನೆ
ಯಾರೂ ಕೇಳಿರಲಿಲ್ಲ.
ನಮ್ಮ ಭಾಷೆಯೂ ತಲೆದಿಂಬು ಅನ್ನುತ್ತದೆ,
ದಣಿಯುವುದು ತಲೆಯೊಂದೇ ಎಂಬಂತೆ.
ಹೊಟ್ಟೆಯಡಿಗೆ, ಮೊಣಕಾಲುಗಳ ನಡುವಿಗೆ,
ಸೊಂಟದ ಹಿಂದಿನ ಆ ಒಂದು ಗೇಣಿಗೆ
ಹೆಸರಿಟ್ಟವರಿಲ್ಲ.

ಹಳೆಯ ಗಾದಿ ಬಿಚ್ಚಿದ. ಬಿಲ್ಲಿನಡಿ
ಹನ್ನೊಂದು ವರ್ಷದ ಗಂಟು ಸಡಿಲಿ ಹಾರಿತು
ಸಾವಂತರ ತುಳಸಿಯ ಮೇಲೆ, ಒಣಹಾಕಿದ ಪ್ಯಾಂಟುಗಳ ಮೇಲೆ.
ಅಳತೆಯನ್ನು ದೂರದಿಂದ, ಕಣ್ಣಲ್ಲೇ ತೆಗೆದ:
"ಭಾಳ ತುಂಬಬಾರದವಾ.
ಕೂಸು ಒದ್ರ ಒದಿಕೀಗೂ ಜಾಗಾ ಇರಬೇಕು."
ಗವಸಣಿಗೆಗೆ ನೀಲವ್ವ ತನ್ನ ಇಳಕಲ್ ಸೀರೆಯ
ಒಡಲು ಕತ್ತರಿಸಿ ಕೊಟ್ಟಳು,
ಸೆರಗು ತಾನಿಟ್ಟುಕೊಂಡಳು.

ಆದರೂ ಎಡಕ್ಕೆ ಗೋಡೆಯೇ.

ರಾತ್ರಿ ಒಂದಕ್ಕೆ ಬಂದ ಮಡಿವಾಳಪ್ಪ
ನಿಂತು ನೋಡಿದ: ನಾನು, ದಿಂಬು, ಗೋಡೆ.
ಆಮೇಲೆ, "ಸರಿ ಸ್ವಲ್ಪ" ಅಂದು
ಕಾಲ ಕಡೆಯಿಂದ ಸುತ್ತಿ ಬಂದು
ಗೋಡೆಗೂ ನನಗೂ ನಡುವೆ ಅಡ್ಡಾದ,
ಹುಂಜಕ್ಕೆ ಬೆನ್ನು ಕೊಟ್ಟು.
ಎರಡು ತಿಂಗಳು ಇದು ಯಾರಿಗೂ ಹೊಳೆದಿರಲಿಲ್ಲ.
ದಿಂಬಿನಾಚೆ ಅವನ ಮುಖ, ಈಚೆ ನನ್ನದು.
ಮಾತಾಡಲು ಬೇಕಾದಷ್ಟಿತ್ತು.
ಈ ಸಲ ಗೊರಕೆ ಮೊದಲು ನನ್ನದೇ ಅಂತೆ,
ಬೆಳಿಗ್ಗೆ ಅತ್ತೆ ಹೇಳಿದಳು.

ನಾಲ್ಕೇ ದಿನಕ್ಕೆ ದಿಂಬು ಒಂದು ಕಡೆ ಚಪ್ಪಟೆ.
ರಾಜೇಸಾಬನ ಫೋನು ಸ್ವಿಚ್ ಆಫ್.
ಆ ತುದಿಯನ್ನು ಮೊಣಕಾಲಿನ ಕಡೆ ತಿರುಗಿಸಿಕೊಂಡಿದ್ದೇನೆ.